ಪ್ರತಿ: ಸ್ಕಿಡ್ ಸ್ಥಳಾಂತರಿಸಿದ ಮೇಲೆ ಕಪ್ಲಿಂಗ್ ರಬ್ಬರ್ ಯಾಕೆ ಹರಿಯುತ್ತಿದೆ?

ಸ್ಕಿಡ್ಡನ್ನು (ಪಂಪು, ಮೋಟಾರು ಕೂರಿಸಿದ ಫ್ರೇಮ್) ರಾಯಚೂರಿನ ಶೆಡ್ಡಿಗೆ ತಂದ ಮೇಲೆ, ಪಂಪು-ಮೋಟಾರು ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗಿನ ರಬ್ಬರ್ ವಾರಕ್ಕೊಂದು ಹರಿಯುತ್ತಿದ್ದರೆ ಅದು ಪಂಪಿನ ತಪ್ಪಿರಲಿಕ್ಕಿಲ್ಲ. ಬಹುಶಃ ಫ್ರೇಮ್ ತಿರುಚಿಕೊಂಡು ಪೈಪು ಪಂಪನ್ನು ಎಳೆಯುತ್ತಿದೆ. ಎರೆಮಣ್ಣಿನ ಮೇಲೆ ತೆಳು ಕಾಂಕ್ರೀಟ್ ಹಾಕಿದ್ದರೆ ಅನುಮಾನ ಜಾಸ್ತಿ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನಮ್ಮಲ್ಲೂ ಹೀಗೇ ಆಗಿತ್ತು. ಆದರೂ ಕಣ್ಣಾರೆ ನೋಡದೆ ಖಚಿತ ಹೇಳಲಾರೆ.

ಮೊದಲು ಕರೆಂಟ್ ತೆಗೆದು ಬೀಗ ಹಾಕಿ, ಪಂಪು, ಪೈಪಿನಲ್ಲಿರುವ ಸಾಲ್ವೆಂಟ್ ಪೂರ್ತಿ ಖಾಲಿ ಮಾಡಿ. ಪಂಪಿನ ಸಕ್ಷನ್ (ಒಳಬರುವ), ಡಿಸ್ಚಾರ್ಜ್ (ಹೊರಹೋಗುವ) ಪೈಪು ಸೇರುವ ಫ್ಲಾಂಜಿನ ಬೋಲ್ಟು ಸಡಿಲಿಸಿ. ಫ್ಲಾಂಜು ಪಕ್ಕಕ್ಕೆ ಜಿಗಿದರೆ ಕಾರಣ ಸಿಕ್ಕಿತು. ಫ್ರೇಮಿನ ಲೆವೆಲ್ ನೋಡಿ, ಅದರ ಕೆಳಗೆ ಸ್ಟೀಲ್ ಶಿಮ್ (ತೆಳು ತಗಡು) ಕೊಡಿ. ಅಲೈನ್‌ಮೆಂಟ್ ಮಾಡಿ (ಎರಡೂ ಶಾಫ್ಟು ಒಂದೇ ನೇರಕ್ಕೆ ತನ್ನಿ), ಕಪ್ಲಿಂಗಿಗೆ ಡಯಲ್ ಗೇಜ್ (ಸಣ್ಣ ಸರಿತ ಅಳೆಯುವ ಮುಳ್ಳಿನ ಮಾಪಕ) ಇಟ್ಟುಕೊಂಡೇ ಫ್ಲಾಂಜಿನ ಬೋಲ್ಟು ಬಿಗಿಸಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಸರಿದರೆ ಪೈಪಿನ ಆ ತುಂಡು ಬಿಚ್ಚಿ, ಹೊರಗೆ ಒಯ್ದು ಕತ್ತರಿಸಿ ವೆಲ್ಡ್ ಮಾಡಿಸಿ. ಪೈಪನ್ನು ಚೈನ್ ಬ್ಲಾಕಿನಲ್ಲಿ (ಸರಪಳಿ ರಾಟೆ) ಎಳೆದು ಕೂರಿಸಬೇಡಿ, ಮತ್ತೆ ಅದೇ ಕಥೆ.