ಹಿಮದೂರಿಗೂ ಟ್ಯಾಂಕರ್ ನೀರು

ಪ್ರಶ್ನೆ: ಸರ್, ನಮ್ಮ ಕಡೆ ಬೋರ್‌ವೆಲ್ ಬತ್ತಿ ಟ್ಯಾಂಕರ್ ದಾರಿ ಕಾಯ್ತೀವಿ. ಉತ್ತರ ಧ್ರುವದ ಹತ್ತಿರ ಇರುವ ಎಸ್ಕಿಮೋ ಜನರಿಗೆ ಸುತ್ತಲೂ ಹಿಮ. ನೀರಿನ ಚಿಂತೆಯೇ ಇಲ್ಲ ಅಲ್ವಾ?
- ಓದುಗರು, ಮುಳಬಾಗಿಲು

ಉತ್ತರ: ಅವರದ್ದೂ ಟ್ಯಾಂಕರ್ ನೀರೇ ಕಣ್ರೀ! (ಎಸ್ಕಿಮೋ ಅಂದರೆ ಅವರಲ್ಲಿ ಬಹಳ ಜನಕ್ಕೆ ಹಿಡಿಸುವುದಿಲ್ಲ, ಇನುಯಿಟ್ ಅನ್ನೋಣ.) ಕೆನಡಾದ ನುನಾವುತ್‌ನಲ್ಲಿ, ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ದಡದಲ್ಲಿ ಗ್ರೈಸ್ ಫಿಯೋರ್ಡ್ ಅಂತ ಒಂದು ಊರಿದೆ. 2021ರ ಜನಗಣತಿಯಲ್ಲಿ ಬರೀ 144 ಜನ. ಹಿಂದೆ ಬೆಟ್ಟ, ಮುಂದೆ ಸಮುದ್ರ, ಹುಡುಕಿದರೂ ಒಂದು ಮರ ಸಿಗುವುದಿಲ್ಲ. ನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಪೈಪ್ ಹೂಳಿದರೆ ಒಳಗಿನ ನೀರೂ ಗಟ್ಟಿಯಾಗುತ್ತದೆ. ಹಾಗಾಗಿ ಬೇಸಿಗೆಯ ಕೆಲವೇ ವಾರ ಬೆಟ್ಟದ ಹಿಮ ಕರಗಿ ಹರಿಯುವಾಗ ದೊಡ್ಡ ಟ್ಯಾಂಕ್‌ಗಳಿಗೆ ತುಂಬಿಸಿಕೊಂಡು, ಮುಂದಿನ ಬೇಸಿಗೆವರೆಗೂ ಅದರಲ್ಲೇ ತೂಗಿಸಬೇಕು. ಲಾರಿ ಮನೆಮನೆಗೆ ಬಂದು ಒಳಗಿರುವ ತೊಟ್ಟಿಗೆ ನೀರು ಬಿಡುತ್ತದೆ. ಕೊಳಚೆ ಎಳೆದುಕೊಂಡು ಹೋಗಲು ಇನ್ನೊಂದು ಲಾರಿ. ನೀರು ಸಾಲದೇ ಬಂದಾಗ ಸಮುದ್ರದಲ್ಲಿ ಸಿಕ್ಕಿಕೊಂಡ ಹಿಮಬೆಟ್ಟದಿಂದ ಗಡ್ಡೆ ಒಡೆದು ತಂದು ಕರಗಿಸಿದ್ದೂ ಉಂಟು. ಉಪ್ಪು ನೀರಲ್ಲಿ ತೇಲಿದರೂ ಅದು ಸಿಹಿನೀರೇ, ನೆಲದ ಮೇಲೆ ಬಿದ್ದ ಹಿಮ ಗಟ್ಟಿಯಾಗಿ ಜಾರಿ ಬಂದದ್ದಲ್ವಾ. ಹಾಗಂತ ನಮ್ಮ ಕೆರೆಗಳ ಹೂಳು ತೆಗೆಯದೆ ಸುಮ್ನೆ ಕೂತಿರುವುದಕ್ಕೆ ಇದನ್ನು ನೆಪ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸೊಪ್ಪು, ತರಕಾರಿ ಬೆಳೆಯದ ಕಡೆ ಆರೋಗ್ಯ ಹೇಗೆ?
- ಓದುಗರು, ಶಿಡ್ಲಘಟ್ಟ

ಉತ್ತರ: ಹಡಗು ಬೇಸಿಗೆಯಲ್ಲಿ ಮಾತ್ರ. ಉಳಿದಂತೆ ಪುಟ್ಟ ವಿಮಾನ, ಗಾಳಿ ಎದ್ದರೆ ಅದೂ ಇಲ್ಲ. ಇಲ್ಲಿ ರೇಟಿಲ್ಲ ಅಂತ ರಸ್ತೆಗೆ ಸುರಿಯುವ ಟೊಮೆಟೊ ಅಲ್ಲಿ ವಿಮಾನ ಹತ್ತಿ ಬರಬೇಕು, ಬೆಲೆ ನೀವೇ ಊಹಿಸಿ. ಅವರ ಹಳೆಯ ಊಟ ಸೀಲ್, ಮೀನು, ಮತ್ತೆ ನಾರ್ವಾಲ್ ಅನ್ನುವ ತಿಮಿಂಗಿಲದ ಚರ್ಮ. ಅದನ್ನು ಕೆಳಗಿನ ಕೊಬ್ಬಿನ ಸಮೇತ ಸಣ್ಣ ಚೌಕಗಳಾಗಿ ಕತ್ತರಿಸಿ ಹಸಿಯಾಗಿಯೇ ಅಗಿಯುತ್ತಾರೆ. ಆ ಚರ್ಮದಲ್ಲಿ ಸಿ ವಿಟಮಿನ್ ಇದೆ, ಬೇಯಿಸಿದರೆ ಕಡಿಮೆಯಾಗುತ್ತದೆ. ಕೇಳಿದರೆ ಮುಖ ಸಿಂಡರಿಸುವವರು ಜಾಸ್ತಿ. ನಿಂಬೆಹಣ್ಣಿಲ್ಲದೆ ಅಷ್ಟು ತಲೆಮಾರು ಬದುಕಿದ್ದು ಇದರಿಂದಲೇ.

ಪ್ರಶ್ನೆ: ಅಷ್ಟು ಕಷ್ಟಪಟ್ಟು ಅಲ್ಲೇ ಯಾಕಿರಬೇಕು?
- ಓದುಗರು, ಮಧುಗಿರಿ

ಉತ್ತರ: ಅವರಾಗಿ ಹೋದದ್ದಲ್ಲ. 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ ಕೆಲವು ಕುಟುಂಬಗಳನ್ನು ಹಡಗು ಹತ್ತಿಸಿ, ಸುಮಾರು 2000 ಕಿ.ಮೀ. ಉತ್ತರಕ್ಕೆ ತಂದು ಇಳಿಸಿತು. ಬೇಟೆ ಚೆನ್ನಾಗಿದೆ, ಹಿಡಿಸದಿದ್ದರೆ ಎರಡು ವರ್ಷಕ್ಕೆ ವಾಪಸ್ ಕರೆತರುತ್ತೇವೆ ಅಂತ ಮಾತು ಕೊಟ್ಟಿತ್ತು, ಉಳಿಸಿಕೊಳ್ಳಲಿಲ್ಲ. ಆ ದ್ವೀಪಗಳು ತನ್ನವೇ ಅಂತ ತೋರಿಸಲು ಅಲ್ಲಿ ಜನ ಬೇಕಿತ್ತು, ಅದಕ್ಕೇ ಈ ಆಟ ಅನ್ನುವ ಆರೋಪ ಇದೆ, ನನಗೂ ಹಾಗೇ ಅನಿಸುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸೂರ್ಯ ಮುಖ ತೋರಿಸದ ಜಾಗ ಅದು, ಬಂದವರು ಅಂಥ ಕತ್ತಲನ್ನು ಕಂಡೇ ಇರಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅದಕ್ಕೂ ಮುಂಚೆ, 1980ರ ದಶಕದ ಕೊನೆಯಲ್ಲಿ ಒಂದಷ್ಟು ಮನೆಯವರು ಹಳೆಯ ಊರಿಗೆ ಮರಳಿದರು. ಇಲ್ಲೇ ಹುಟ್ಟಿ ಬೆಳೆದ ಹಲವರು ಉಳಿದರು, ಅವರಿಗೆ ಸ್ವಂತ ಊರು ಅಂದರೆ ಇದೇ.