ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕರೆಂಟ್ ಸುಡದೆ ತಂಪು

ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಬಾಟಲಿ ಇಟ್ಟು, ಮೇಲೆ ಟೇಬಲ್ ಫ್ಯಾನ್ ಕೂಡಿಸಿ ‘ಮನೆ ಎಸಿ’ ಮಾಡುವುದನ್ನು ವಿಡಿಯೊದಲ್ಲಿ ನೋಡಿದೆ. ಒಂದು ಕೋಣೆಗೆ ಸಾಕಾಗುತ್ತದೆಯೆ? — ಸೇಡಂ

ಸಾಕಾಗುವುದಿಲ್ಲ. ಎರಡು ಲೀಟರ್ ಐಸ್ ಪೂರ್ತಿ ಕರಗಿ, ಆ ನೀರು 25 ಡಿಗ್ರಿಗೆ ಬರುವಷ್ಟರಲ್ಲಿ ಎಳೆದುಕೊಳ್ಳುವ ಶಾಖ ಸುಮಾರು 880 ಕಿಲೋಜೂಲ್. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈ ಎರಡೂವರೆ ತಾಸಿನಲ್ಲಿ ಅಷ್ಟನ್ನು ಹೊರಹಾಕುತ್ತದೆ. ಅಂದರೆ ಕೋಣೆಯಲ್ಲಿ ನೀವೊಬ್ಬರೇ ಇದ್ದರೂ ಲೆಕ್ಕ ಸರಿಸಮ. ಗೋಡೆ, ಮಾಳಿಗೆಯಿಂದ ಇಳಿಯುವ ಝಳ ಹಾಗೇ ಉಳಿಯಿತು. ಐಸ್ ಕಟ್ಟಿಸಿದ್ದು ನಿಮ್ಮದೇ ಫ್ರಿಜ್ ಆದರೆ, ನೀರಿನಿಂದ ತೆಗೆದ ಶಾಖಕ್ಕೆ ಕಂಪ್ರೆಸರ್ ತಿಂದ ಕರೆಂಟನ್ನೂ ಸೇರಿಸಿ ಅದು ಹಿಂಬದಿಯಿಂದ ಅಡುಗೆಮನೆಗೇ ಬಿಟ್ಟಿರುತ್ತದೆ. ಮುಖಕ್ಕೆ ಹತ್ತು ನಿಮಿಷ ಹಿತವಾದ ಗಾಳಿ ಬರುತ್ತದೆ, ನಿಜ. ಮನೆ ಮಾತ್ರ ಒಟ್ಟಿನಲ್ಲಿ ಇನ್ನಷ್ಟು ಕಾಯುತ್ತದೆ.

ಒಂದು ಕೆ.ಜಿ. ಐಸ್ ಕರಗಲು 334 ಕಿಲೋಜೂಲ್ ಬೇಕು. ಅದೇ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400, ಅಂದರೆ ಏಳು ಪಟ್ಟು. ನಿಮ್ಮ ಕಡೆಯ ಏಪ್ರಿಲ್–ಮೇ ಗಾಳಿ ಒಣಗಾಳಿ, ಆದ್ದರಿಂದ ನೀರನ್ನು ಆವಿ ಮಾಡಿಸಿ. 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಎರಡೂ ತುದಿಗೆ ಮುಚ್ಚಳ ಅಂಟಿಸಿ, ಕಿಟಕಿಯ ಮೇಲಂಚಿಗೆ ಮಟ್ಟಸವಾಗಿ ಬಿಗಿಯಿರಿ. ಮೀಟರಿಗೆ ಸುಮಾರು ನಾಲ್ಕು ಲೀಟರ್ ನೀರು ಹಿಡಿಯುತ್ತದೆ. ಬಿಡಿ ನೇಯ್ಗೆಯ ಸೆಣಬಿನ ಗೋಣಿ ಬಿಚ್ಚಿ, ಒಂದಂಚನ್ನು ಆ ನೀರಿನಲ್ಲಿ ಮುಳುಗಿಸಿ ಉಳಿದದ್ದನ್ನು ಕಿಟಕಿಗೆ ಇಳಿಬಿಡಿ. ಒಮ್ಮೆ ಪೂರ್ತಿ ತೋಯಿಸಿ ಬಿಟ್ಟರೆ ಆಮೇಲೆ ತಾನೇ ಎಳೆದುಕೊಂಡು ಕೆಳಗಿಳಿಸುತ್ತದೆ. ಕೆಳಗೊಂದು ಪರಾತ ಇಡಿ. ಗಾಳಿ ಬೀಸದ ದಿನ ಟೇಬಲ್ ಫ್ಯಾನನ್ನು ಗೋಣಿಯಿಂದ ಒಂದೂವರೆ ಅಡಿ ಈಚೆಗೆ, ಬೆನ್ನು ಕಿಟಕಿಗೆ ಮಾಡಿ ಇಡಿ; ಹನಿ ಸಿಡಿಯಬಾರದು, ವಯರ್ ನೆಲದ ಮೇಲೆ ಬಿದ್ದಿರಬಾರದು. ಎದುರಿನ ಕಿಟಕಿ ಒಂದು ಗೇಣಾದರೂ ತೆರೆದಿರಲಿ, ಇಲ್ಲವಾದರೆ ಅರ್ಧ ತಾಸಿನಲ್ಲಿ ಕೋಣೆಯೆಲ್ಲ ತೇವ ತುಂಬಿ ತಂಪು ನಿಲ್ಲುತ್ತದೆ.

ಹೊಸ ಗೋಣಿ ಎಣ್ಣೆ ವಾಸನೆ ಹೊಡೆಯುತ್ತದೆ, ಎರಡು ಸಲ ನೆನೆಸಿ ಒಗೆಯಿರಿ. ಗೊಬ್ಬರ ತುಂಬಿದ್ದು, ಔಷಧಿ ತಾಗಿದ್ದು ಬೇಡ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಗೋಣಿ ಹಪ್ಪಳದಂತೆ ಸೆಟೆದುಕೊಂಡರೆ ನೀರು ಇಳಿಯುವುದಿಲ್ಲ. ಹುಣಸೆ ನೀರಿನಲ್ಲಿ ನೆನೆಸಿ ತಿಕ್ಕಿ, ಆಗದಿದ್ದರೆ ಬದಲಿಸಿ. ದುಡ್ಡಿದ್ದರೆ ಗೋಣಿಯ ಬದಲು ಲಾವಂಚದ ತಟ್ಟಿ, ಪರಿಮಳ ಬೋನಸ್.

ಕೂಲರ್ ತಂದೆವು. ಹಾಕಿದರೆ ಮೈಯೆಲ್ಲ ಅಂಟಂಟು, ದಿಂಬು ಕೂಡ ಒದ್ದೆ. ಯಂತ್ರವೇ ಹಾಳೆ? — ಮಂಗಳೂರು

ಯಂತ್ರ ಸರಿಯಿದೆ, ಊರು ಸರಿಯಿಲ್ಲ. ಕಲಬುರಗಿಯ 42 ಡಿಗ್ರಿ, 20% ತೇವದ ಗಾಳಿಯನ್ನು ನೀರು ಹೆಚ್ಚೆಂದರೆ 24 ಡಿಗ್ರಿಯವರೆಗೆ ಇಳಿಸಬಲ್ಲದು; ಸಾಧಾರಣ ಕೂಲರ್ 30ರ ಹತ್ತಿರ ತರುತ್ತದೆ. ನಿಮ್ಮ 34 ಡಿಗ್ರಿ, 70% ತೇವದ ಗಾಳಿಗೆ ಕೊನೆಯ ಮಿತಿಯೇ 29. ಮೂರು ಡಿಗ್ರಿ ಇಳಿಸಲು ಹೋಗಿ ಬೆವರು ಆರುವುದನ್ನೂ ತಡೆದಂತಾಗುತ್ತದೆ. ನೀರಿಲ್ಲದೆ ಬರೀ ಫ್ಯಾನಾಗಿ ಬಳಸಿ, ಕಿಟಕಿಗಳನ್ನು ಎದುರುಬದುರು ತೆರೆದಿಡಿ.

ಯಾವ ಊರಿನವರೇ ಆಗಲಿ, ಖರ್ಚು ಮಾಡುವ ಮೊದಲು ಹೀಗೆ ಪರೀಕ್ಷಿಸಿ. ಎರಡು ಕೋಣೆ-ಥರ್ಮಾಮೀಟರ್ ತನ್ನಿ, ಜ್ವರ ನೋಡುವಂಥದ್ದಲ್ಲ. ಒಂದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ಫ್ಯಾನ್ ಗಾಳಿಗೆ ಐದು ನಿಮಿಷ ಹಿಡಿಯಿರಿ. ವ್ಯತ್ಯಾಸ 10 ಡಿಗ್ರಿ ದಾಟಿದರೆ ಕೂಲರ್, ಗೋಣಿ, ತಟ್ಟಿ ಎಲ್ಲ ನಡೆಯುತ್ತವೆ. 5ಕ್ಕಿಂತ ಕಡಿಮೆಯಾದರೆ ಯಾವುದೂ ಬೇಡ. ಮಧ್ಯಾಹ್ನ ಎರಡು–ಮೂರರ ಸುಮಾರಿಗೆ ನೋಡಿ. ಬೆಳಗಿನ ತೇವ ಮೋಸ ಮಾಡುತ್ತದೆ.

ಒಂದೇ ಅಂತಸ್ತಿನ ಆರ್‌ಸಿಸಿ ಮನೆ, ಮಾಳಿಗೆ 600 ಚದರ ಅಡಿ. ನಡುರಾತ್ರಿಯವರೆಗೂ ಒಳಗೆ ಕಾವು. ದಿನಾ ನೀರು ಹೊಡೆಯುವುದೋ, ಸುಣ್ಣ ಬಳಿಯುವುದೋ? — ರಾಯಚೂರು

ಸುಣ್ಣ. ನೀರನ್ನೇ ನಂಬಿದರೆ ಹಗಲಿಡೀ ಮಾಳಿಗೆ ತೇವವಾಗಿರಬೇಕು, ಚದರ ಮೀಟರಿಗೆ ದಿನಕ್ಕೆ ಸುಮಾರು 6 ಲೀಟರ್ ಬೇಕು. ನಿಮ್ಮ ಮಾಳಿಗೆಗೆ 330 ಲೀಟರ್ ಮೀರುತ್ತದೆ. ಬೇಸಿಗೆಯಲ್ಲಿ ಯಾರ ಹತ್ತಿರ ಇದೆ? ಬಿಳಿ ಮಾಳಿಗೆ ಬಿಸಿಲನ್ನು ಹೀರುವ ಮೊದಲೇ ವಾಪಸ್ ಕಳಿಸುತ್ತದೆ. ಒಳಗೆ 2ರಿಂದ 5 ಡಿಗ್ರಿ ಇಳಿಯುವುದುಂಟು. 2010ರ ಮೇ ತಿಂಗಳ ಭೀಕರ ಝಳದ ನಂತರ 2013ರಲ್ಲಿ ಬಿಸಿಲ ಝಳದ ಕಾರ್ಯಯೋಜನೆ ಮಾಡಿಕೊಂಡ ಅಹಮದಾಬಾದ್, ಮುಂದೆ ಬಡವರ ಮನೆಗಳ ಮೇಲೆ ಬಳಿಸಿದ್ದೂ ಇದೇ ಸುಣ್ಣವನ್ನು.

15ರಿಂದ 20 ಕೆ.ಜಿ. ಸುಟ್ಟ ಸುಣ್ಣ ಹಿಡಿಯುತ್ತದೆ. ಒರಟು ಗಚ್ಚು ಹೆಚ್ಚು ಕುಡಿಯುತ್ತದೆ. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವೇ ಸುಣ್ಣ. ತಿರುವುಮುರುವು ಮಾಡಿದರೆ ಕುದ್ದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ತೆಳು ಪ್ಲಾಸ್ಟಿಕ್ ಬಕೆಟ್ ಕಾವಿಗೆ ಮೆತ್ತಗಾಗುತ್ತದೆ. ಕೆ.ಜಿ.ಗೆ 4–5 ಲೀಟರ್ ನೀರಿನ ಲೆಕ್ಕ. ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹತ್ತು ಲೀಟರಿಗೆ ಕಾಲು ಲೀಟರ್ ಮರಗೆಲಸದ ಬಿಳಿ ಅಂಟು ಕಲಸಿ. ನೀಲಿ ಹಾಕುವ ಚಪಲ ಬೇಡ, ಅದು ಗೋಡೆಯ ಚೆಂದಕ್ಕೆ.

ಮಾಳಿಗೆ ಗುಡಿಸಿ, ಪಾಚಿ ಕೆರೆದು, ಸಂಜೆ ಬಿಸಿಲು ತಗ್ಗಿದ ಮೇಲೆ ನೀರು ಚಿಮುಕಿಸಿ ಒದ್ದೆ ಗಚ್ಚಿನ ಮೇಲೆಯೇ ಬಳಿಯಿರಿ. ಕಾದ ಗಚ್ಚು ನೀರನ್ನು ಒಮ್ಮೆಲೇ ಹೀರಿಬಿಡುತ್ತದೆ. ಸುಣ್ಣ ಕಚ್ಚಿಕೊಳ್ಳದೆ ಮರುದಿನ ಕಾಲಿಗೆ ಹಿಟ್ಟಿನಂತೆ ಅಂಟುತ್ತದೆ. ಮರುದಿನ ಸಂಜೆ ಎರಡನೇ ಕೋಟ್. ರಾಯಚೂರಿನ ದೂಳು ಕೂತು ಬೂದಿಯಾದರೆ ಬಿಳಿಯ ಕೆಲಸವೂ ಅಷ್ಟಕ್ಕೇ, ಹದಿನೈದು ದಿನಕ್ಕೊಮ್ಮೆ ಗುಡಿಸಿ. ಮಳೆಗಾಲ ಕಳೆದರೆ ಬಹುಪಾಲು ತೊಳೆದುಹೋಗಿರುತ್ತದೆ, ಪ್ರತಿ ಫೆಬ್ರುವರಿಯಲ್ಲಿ ಮತ್ತೆ ಬಳಿಯಬೇಕು. ಸೋರಿಕೆಗೆ ಇದು ಮದ್ದಲ್ಲ.

ಮಣ್ಣಿನ ಗಡಿಗೆ ಮೊದಲ ವರ್ಷದಷ್ಟು ತಂಪು ಮಾಡುತ್ತಿಲ್ಲ. — ವಿಜಯಪುರ

ಸೂಕ್ಷ್ಮ ರಂಧ್ರಗಳು ಉಪ್ಪಿನಿಂದ ಮುಚ್ಚಿವೆ. ತೆಂಗಿನ ನಾರಿನಿಂದ ಹೊರಮೈ ತಿಕ್ಕಿ, ಸೋಪು ಬೇಡ. ಬಣ್ಣ ಬಳಿದ ಗಡಿಗೆಯಾದರೆ ತಿಕ್ಕಿಯೂ ಉಪಯೋಗವಿಲ್ಲ. ಮೂಲೆಯಿಂದ ತೆಗೆದು ಗಾಳಿ ಆಡುವ ನೆರಳಿಗಿಡಿ.

ನಮ್ಮ ಅಜ್ಜಿಗೆ 78. ಫ್ಯಾನ್ ಕೆಳಗೇ ಮಲಗಿದರೂ ಮೈ ಸುಡುತ್ತದೆ ಎನ್ನುತ್ತಾರೆ. — ಬಳ್ಳಾರಿ

ಅಜ್ಜಿ ಹೇಳುವುದು ನಿಜ. ಗಾಳಿಯೇ 40 ಡಿಗ್ರಿ ದಾಟಿದಾಗ ಫ್ಯಾನ್ ಮೈಗೆ ಶಾಖ ತಂದು ಸುರಿಯುತ್ತದೆ. ಹರೆಯದವರ ಬೆವರು ಅದನ್ನು ನಿಭಾಯಿಸೀತು. ಈ ವಯಸ್ಸಿನಲ್ಲಿ ಬೆವರು ಕಡಿಮೆ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ತೆಳು ಹತ್ತಿ ಸೀರೆಯನ್ನು ಒದ್ದೆ ಮಾಡಿ ಹಿಂಡಿ ಮೈಮೇಲೆ ಹೊದಿಸಿ, ಆಮೇಲೆ ಫ್ಯಾನ್ ಹಾಕಿ. ಒಣಗುವ ಮೊದಲೇ ಮತ್ತೆ ತೋಯಿಸಿ. ಕೈಕಾಲುಗಳನ್ನು ಆಗಾಗ ನೀರಿನಲ್ಲಿ ಅದ್ದಿಸಿ. ನೀರು, ಮಜ್ಜಿಗೆಯನ್ನು ಕೇಳುವ ಮೊದಲೇ ಕೊಡಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದರೆ ಎಷ್ಟೆಂದು ವೈದ್ಯರನ್ನು ಕೇಳಿಕೊಳ್ಳಿ.

ಮಾತು ತಡವರಿಸಿದರೆ, ಗುರುತು ಹಿಡಿಯದಿದ್ದರೆ, ಮಂಪರು ಬಂದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಎಚ್ಚರ ಪೂರ್ತಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು.