ಪ್ರ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ತಂದೆಯವರ ಹಳೆಯ ರೇಡಿಯೊ ರಿಪೇರಿ

ನಮಸ್ಕಾರ. ತಂದೆಯವರ ರೇಡಿಯೊದಲ್ಲಿ ಧಾರವಾಡ ಆಕಾಶವಾಣಿ ಬರೀ ಗೊರಗೊರ ಅನ್ನುತ್ತಿದೆ, ಮನೆ ಹತ್ತಿರದ ಅಂಗಡಿಯವನು ಎಸೆಯಿರಿ ಅಂದ ಎಂದು ಬರೆದಿದ್ದೀರಿ. ದಯವಿಟ್ಟು ಎಸೆಯಬೇಡಿ.

ಮೊದಲು ಮನೆಯಲ್ಲೇ ನೋಡಿ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ವೈಫೈ ಡಬ್ಬಿ ಎಲ್ಲ ಆರಿಸಿ, ಸೆಲ್ ಹಾಕಿ, ಕಿಟಕಿ ಬಳಿ ಹಚ್ಚಿ. ಧಾರವಾಡ ಬರುವ ಮೀಡಿಯಂ ವೇವ್‌ಗೆ (ಎಎಂ) ಇವು ಬಹಳ ಕಾಟ ಕೊಡುತ್ತವೆ. ಧಾರವಾಡ 765 ಕಿಲೋಹರ್ಟ್ಸ್‌ನಲ್ಲಿದೆ. ಹಗಲು ಇಷ್ಟು ದೂರಕ್ಕೆ ಕ್ಷೀಣವಾಗಿರುತ್ತದೆ. ಕತ್ತಲಾದ ಮೇಲೆ ಅಲೆಗಳು ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ ಮರಳುವುದರಿಂದ ಚೆನ್ನಾಗಿ ಸಿಗುತ್ತದೆ. ಇದಕ್ಕೆ ಆಂಟೆನಾ ಎಂದರೆ ಒಳಗಿನ, ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯೇ, ಮೇಲಿನ ಉದ್ದ ಕಡ್ಡಿಯಲ್ಲ. ಹಾಗಾಗಿ ಇಡೀ ರೇಡಿಯೊವನ್ನೇ ನಿಧಾನ ತಿರುಗಿಸಿ, ಮುಖ ಆಗ್ನೇಯ-ದಕ್ಷಿಣಕ್ಕೆ ಬಂದಾಗ ಧ್ವನಿ ಬಲವಾಗಬೇಕು.

ಆಗಲೂ ಸರಿಯಾಗದಿದ್ದರೆ ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ದಾದರಿನಲ್ಲಿ ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದು, ಪೂರ್ವಕ್ಕೆ ನಡೆದರೆ ಸಾಕು. ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಮಾರುವವರನ್ನು ಬಿಟ್ಟು, ಸೋಲ್ಡರಿಂಗ್ (ಬೆಸುಗೆ) ಕಡ್ಡಿ ಹಿಡಿದು ಕೂತವರನ್ನು ಕೇಳಿ. ಧ್ವನಿಯ ಗುಬುಟು ತಿರುಗಿಸಿದಾಗ ಕರಕರ ಅಂದರೆ ವಾಲ್ಯೂಮ್ ಕಂಟ್ರೋಲ್ ಸ್ವಚ್ಛ ಮಾಡಿಸಿ. ಧ್ವನಿ ಕುಗ್ಗಿದ್ದರೆ ಒಣಗಿದ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಚಿಕ್ಕ ಭಾಗ) ಬದಲಿಸಲು ಹೇಳಿ. ಇವೆರಡೂ ಅಗ್ಗದ ಕೆಲಸ. ಫೆರೈಟ್ ಕಡ್ಡಿಯ ಸುರುಳಿ ಮಾತ್ರ ಮುಟ್ಟಗೊಡಬೇಡಿ, ಅದು ಜರುಗಿದರೆ ಸ್ಟೇಷನ್ ಸರಿಯಾಗಿ ಸಿಗದೆ ಹೋಗಬಹುದು.

ರಿಪೇರಿ ಆಗುವವರೆಗೆ ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಳಿಸಬಹುದು.